ಗೋದಲಿಯ ಸುತ್ತ ಒಂದು ಊರು: ಕ್ರಿಸ್ಮಸ್ ಗ್ರಾಮದ ಪುಟ್ಟ ಗೊಂಬೆಗಳನ್ನು ಆರಿಸಿ, ಜೋಡಿಸಿ, ಜೋಪಾನ ಮಾಡುವ ಬಗೆ

ಮಂಗಳೂರು, ಉಡುಪಿ ಕಡೆಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್‌ಗೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿ, ಕಟ್ಟುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಬೈಹುಲ್ಲು, ತೆಂಗಿನ ಗರಿ, ಒಂದಿಷ್ಟು ಪಾಚಿ, ಮೇಲೊಂದು ನಕ್ಷತ್ರ ಇದ್ದರೆ ಕೊಟ್ಟಿಗೆ ಎದ್ದು ನಿಲ್ಲುತ್ತದೆ. ಇತ್ತೀಚೆಗೆ ಅದರ ಜೊತೆಗೆ ಬೇರೆ ಸಾಮಾನುಗಳೂ ಸೇರಿಕೊಂಡಿವೆ. ಗಲ್ಫಿನಿಂದ ರಜೆಗೆ ಬಂದವರು ತಂದ, ಒಳಗೆ ದೀಪ ಉರಿಯುವ ಪಿಂಗಾಣಿ ಮನೆ, ಆನ್‌ಲೈನ್‌ನಲ್ಲಿ ತರಿಸಿದ ಬೀದಿದೀಪ, ಹಾಡು ಹಾಡುವ ಮಕ್ಕಳ ಗುಂಪು, ಹಿಮದ ಮೇಲೆ ಓಡುವ ಜಾರುಬಂಡಿ. ಇವೆಲ್ಲ ಒಂದೇ ಮೇಜಿನ ಮೇಲೆ ಇರುತ್ತವೆ, ಆದರೆ ಒಂದೇ ಊರಲ್ಲಿ ಇರುವಂತೆ ಕಾಣುವುದಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದೆ ಅಂಗಡಿಯ ಕಪಾಟಿನಲ್ಲಿ ನಿಂತ ಹಾಗೆ ನಿಂತಿರುತ್ತವೆ.

ಅದನ್ನು ಊರಾಗಿಸುವುದು ಹೇಗೆ ಎಂಬುದೇ ಇಲ್ಲಿಯ ವಿಷಯ. ನನ್ನ ಅಭಿಪ್ರಾಯ ಒಂದೇ, ಮುಂದಿನದೆಲ್ಲ ಅದರ ವಿಸ್ತಾರ: ಮನೆಗಳಿಂದ ಶುರು ಮಾಡಬೇಡಿ, ಜನರಿಂದ ಶುರು ಮಾಡಿ. ಮೊದಲು ಗೊಂಬೆಯ ಎತ್ತರ ಗೊತ್ತಾಗಲಿ. ಮನೆ, ಮರ, ಬಾವಿ, ದೋಣಿ ಎಲ್ಲವೂ ಅದಕ್ಕೆ ತಕ್ಕಂತೆ ಬರಲಿ.

ಜನ ಮೊದಲು ಎನ್ನುವುದಕ್ಕೆ ಹಳೆಯ ಆಧಾರವಿದೆ

ಸಂತ ಫ್ರಾನ್ಸಿಸ್ ಅಸ್ಸಿಸಿಯವರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಕ್ರಿಸ್ತಜನನದ ದೃಶ್ಯವನ್ನು ಕಟ್ಟಿದಾಗ ಅಲ್ಲಿ ಜೀವಂತ ಎತ್ತು, ಕತ್ತೆ, ಹುಲ್ಲು ಇದ್ದವು. ನೋಡಲು ಬಂದವರು ಸುತ್ತಲಿನ ಊರಿನ ಜನ. ಮುಂದೆ ನೇಪಲ್ಸ್ ನಗರದ ಕುಶಲಕರ್ಮಿಗಳು ಗೋದಲಿಯ ಸುತ್ತ ತಮ್ಮದೇ ಪೇಟೆಯನ್ನು ತಂದು ನಿಲ್ಲಿಸಿದರು. ಮೀನು ಮಾರುವವರು, ರೊಟ್ಟಿ ಸುಡುವವರು, ಹಣ್ಣಿನ ಬುಟ್ಟಿ ಹೊತ್ತವರು ಎಲ್ಲರೂ ಅಲ್ಲಿದ್ದರು. ಅಲ್ಲಿನ ಸಾನ್ ಗ್ರೆಗೋರಿಯೊ ಅರ್ಮೇನೊ ಬೀದಿಯಲ್ಲಿ ಇಂದಿಗೂ ಅಂಥ ಗೊಂಬೆಗಳನ್ನು ಮಾಡಿ ಮಾರುತ್ತಾರೆ. ಫ್ರಾನ್ಸಿನ ಪ್ರೊವಾನ್ಸ್ ಸೀಮೆಯಲ್ಲಿ ಮಣ್ಣಿನ ಪುಟ್ಟ ಗೊಂಬೆಗಳಿಗೆ ಸಾಂತೊಂ ಎನ್ನುತ್ತಾರೆ. ಮಾರ್ಸೇಯ್ ನಗರದಲ್ಲಿ ಇವುಗಳ ಸಂತೆ 1803ರಿಂದ ಬಂದಿದೆ. ಅಲ್ಲಿಯೂ ಪ್ರತಿ ಗೊಂಬೆ ತನ್ನ ಕಸುಬಿನದೇ ಒಂದು ಕಾಣಿಕೆ ಹಿಡಿದು ಬಾಲಯೇಸುವಿನ ಕಡೆಗೆ ಹೊರಟಿರುತ್ತದೆ.

ದೀಪದ ಮನೆಗಳ ಹವ್ಯಾಸ ಬೇರೆ ದಾರಿಯಿಂದ ಬಂದದ್ದು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ ಮೊರೇವಿಯನ್ ಎಂಬ ಕ್ರೈಸ್ತ ಪಂಥದವರು ಕ್ರಿಸ್ಮಸ್ ಮರದ ಬುಡದಲ್ಲಿ ಗೋದಲಿಯ ಜೊತೆ ಪುಟ್ಟ ಊರು ಜೋಡಿಸುತ್ತಿದ್ದರು. ಡಿಪಾರ್ಟ್‌ಮೆಂಟ್ 56 ಎಂಬ ಅಮೆರಿಕದ ಕಂಪನಿ 1976ರಲ್ಲಿ ಹಿಮದ ಹಳ್ಳಿಯ ಮನೆಗಳನ್ನೂ 1984ರಲ್ಲಿ ಕಾದಂಬರಿಕಾರ ಡಿಕನ್ಸ್ ಕಾಲದ ಇಂಗ್ಲೆಂಡಿನ ಹಳ್ಳಿಯನ್ನೂ ಮಾರುಕಟ್ಟೆಗೆ ತಂದ ಮೇಲೆ ಇದು ಸಂಗ್ರಹಕಾರರ ಹವ್ಯಾಸವಾಯಿತು. ಈಗ ಹೆಚ್ಚಾಗಿ ಸಿಗುವ ಇನ್ನೊಂದು ಕಂಪನಿಯ ಹೆಸರು ಲೆಮ್ಯಾಕ್ಸ್. ಮನೆಗಳಿಗೆ ಹೆಚ್ಚು ಬೆಲೆ, ಹೆಚ್ಚು ಪ್ರಚಾರ. ಗೊಂಬೆಗಳನ್ನು ಪರಿಕರಗಳ ಸಾಲಿಗೆ ಸೇರಿಸಿ ಮಾರುತ್ತಾರೆ. ನೇಪಲ್ಸಿನವರಿಗೂ ಪ್ರೊವಾನ್ಸಿನವರಿಗೂ ಗೊಂಬೆಯೇ ಮುಖ್ಯ, ಮನೆ ಹಿನ್ನೆಲೆ. ನಾವು ಹಿಡಿಯಬೇಕಾದದ್ದು ಇವರ ದಾರಿ. ಮಲ್ಪೆಯ ಮೀನುಗಾರ, ಬ್ಯಾಂಡ್ ಬಾರಿಸುವವರು, ಅಕ್ಕಿ ಮುಡಿ (ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಯ ಉಂಡೆ) ಹೊತ್ತ ಒಕ್ಕಲಿನವನು ನಮ್ಮ ಗೋದಲಿಗೆ ಬರಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಹಂತ 1: ಅಳತೆ ಗಟ್ಟಿ ಮಾಡಿಕೊಳ್ಳಿ

ಇಲ್ಲಿ ಅವಸರ ಮಾಡಿದರೆ ಮುಂದಿನ ಎಲ್ಲ ಹಂತಗಳಲ್ಲೂ ಅದು ಕಾಡುತ್ತದೆ. ಐದೂವರೆ ಅಡಿಯ ಮನುಷ್ಯನನ್ನು ಲೆಕ್ಕಕ್ಕೆ ಹಿಡಿದರೆ ಬೇರೆ ಬೇರೆ ಅನುಪಾತಗಳಲ್ಲಿ ಗೊಂಬೆಯ ಎತ್ತರ ಹೀಗೆ ಬರುತ್ತದೆ:

1:12 (ಗೊಂಬೆಮನೆಯ ಅಳತೆ): ಸುಮಾರು 14 ಸೆಂ.ಮೀ.
1:24: ಸುಮಾರು 7 ಸೆಂ.ಮೀ.
1:48: ಸುಮಾರು 3.5 ಸೆಂ.ಮೀ.
1:64 (ಮಕ್ಕಳು ಆಡುವ ಚಿಕ್ಕ ಲೋಹದ ಕಾರುಗಳ ಅಳತೆ): ಸುಮಾರು 2.6 ಸೆಂ.ಮೀ.
1:87 (ಆಟಿಕೆ ರೈಲಿನ ಎಚ್‌ಒ ಅಳತೆ): ಸುಮಾರು 1.9 ಸೆಂ.ಮೀ.

ನಮ್ಮಲ್ಲಿ ಗೋದಲಿ ಸೆಟ್ಟುಗಳನ್ನು ಇಂಚಿನ ಲೆಕ್ಕದಲ್ಲಿ ಮಾರುತ್ತಾರೆ. ನಾಲ್ಕು ಇಂಚಿನ ಸೆಟ್ ಎಂದರೆ ನಿಂತಿರುವ ಜೋಸೆಫರ ಎತ್ತರ 10 ಸೆಂ.ಮೀ. ಆಸುಪಾಸು. ಕ್ರಿಸ್ಮಸ್ ಗ್ರಾಮದ ಕಂಪನಿ ಗೊಂಬೆಗಳು ಸಾಮಾನ್ಯವಾಗಿ 5ರಿಂದ 7 ಸೆಂ.ಮೀ. ಒಳಗಿರುತ್ತವೆ. ಆದರೆ ಅದೇ ಕಂಪನಿಯ ಎರಡಂತಸ್ತಿನ ಮನೆ ಒಂದು ಗೇಣಿಗಿಂತ ಹೆಚ್ಚು ಎತ್ತರವಿರುವುದಿಲ್ಲ. ಲೆಕ್ಕ ಹಾಕಿ ನೋಡಿ, ಆ ಗೊಂಬೆ ಆ ಮನೆಯೊಳಗೆ ಹೋಗಲಾರದು. ಇದು ತಯಾರಕರ ತಪ್ಪಲ್ಲ. ಮನೆಗಳನ್ನು ನಿಜ ಅಳತೆಗೆ ಮಾಡಿದರೆ ಮೇಜೇ ಸಾಲುವುದಿಲ್ಲ, ಅದಕ್ಕೇ ಮನೆಯನ್ನು ಕುಗ್ಗಿಸಿರುತ್ತಾರೆ. ಕೊಳ್ಳುವಾಗ ಗೊಂಬೆಯನ್ನು ಮನೆಯ ಬಾಗಿಲಿಗೆ ತಾಗಿಸಿ ಹಿಡಿದು ನೋಡಿ. ತಲೆ ಬಾಗಿಲ ಚೌಕಟ್ಟಿಗಿಂತ ಮೇಲೆ ಹೋದರೆ ಆ ಎರಡನ್ನೂ ಅಕ್ಕಪಕ್ಕ ಇಡುವಂತಿಲ್ಲ ಎಂದು ತಿಳಿಯಿರಿ.

ಬೇಡವೆಂದು ಬಿಡಬೇಕಾಗಿಲ್ಲ, ಅಂತರ ಕೊಟ್ಟರೆ ಸರಿಹೋಗುತ್ತದೆ. ದೊಡ್ಡ ಗೊಂಬೆ ಮುಂದೆ, ಚಿಕ್ಕದು ಹಿಂದೆ, ಎಲ್ಲಕ್ಕಿಂತ ಹಿಂದೆ ಮನೆ. ಗೋದಲಿಯ ಪವಿತ್ರ ಕುಟುಂಬ (ಬಾಲಯೇಸು, ಮರಿಯ, ಜೋಸೆಫ್) 10 ಸೆಂ.ಮೀ. ಅಳತೆಯದಿದ್ದರೆ ಅದರ ಸುತ್ತಲಿನ ಜನ 7, ನಡುವಿನ ಹಾದಿಯವರು 5, ಗುಡ್ಡದ ಮೇಲಿನವರು ಎರಡೂವರೆ ಸೆಂಟಿಮೀಟರ್. ಕಣ್ಣು ಇದನ್ನು ದೂರ ಎಂದೇ ಓದುತ್ತದೆ, ಒಂದೂವರೆ ಅಡಿಯ ಹಲಗೆ ಒಂದು ಬಯಲಿನಷ್ಟು ಆಳವಾಗಿ ಕಾಣುತ್ತದೆ. ಒಂದೇ ಸಾಲಿನಲ್ಲಿ ಮಾತ್ರ ಎರಡು ಅಳತೆ ಬೆರೆಯಬಾರದು.

ಹಂತ 2: ಯಾವ ವಸ್ತುವಿನ ಗೊಂಬೆ?

ಕರಾವಳಿಯ ಹವೆಯಲ್ಲಿ ಇದು ಮುಖ್ಯ ಪ್ರಶ್ನೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಗೊಂಬೆ ಅಗ್ಗ, ಮುಖವೂ ಚೆಂದ, ಆದರೆ ತೇವ ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಟ್ಟದಲ್ಲಿಟ್ಟರೆ ಬಣ್ಣ ಪದರ ಪದರವಾಗಿ ಏಳುತ್ತದೆ, ಬೆರಳು, ಕೋಲು ಮುಟ್ಟಿದರೆ ಮುರಿಯುತ್ತವೆ. ಈಗಾಗಲೇ ಇದ್ದರೆ ಬುಡದ ಬಣ್ಣವಿಲ್ಲದ ಭಾಗಕ್ಕೂ ವಾರ್ನಿಷ್ ಹೊಡೆಯಿರಿ, ತೇವ ಒಳಹೋಗುವುದು ಅಲ್ಲಿಂದಲೇ.

ಅಚ್ಚಿನಲ್ಲಿ ಎರೆದ ಗಟ್ಟಿ ಪ್ಲಾಸ್ಟಿಕ್ ಬಗೆಯ ಪಾಲಿರೆಸಿನ್ ಗೊಂಬೆಗಳು ತೂಕವಾಗಿರುತ್ತವೆ, ಬಟ್ಟೆಯ ಮಡಿಕೆ, ಬುಟ್ಟಿಯ ಹೆಣಿಗೆಯವರೆಗೆ ಕೆತ್ತನೆ ಸ್ಪಷ್ಟವಾಗಿರುತ್ತದೆ. ಹೊಸದಾಗಿ ಸಂಗ್ರಹ ಶುರು ಮಾಡುವವರಿಗೆ ನಾನು ಹೇಳುವುದು ಇದನ್ನೇ. ಮೆತ್ತನೆಯ ಪಿವಿಸಿ ಗೊಂಬೆ ಒಡೆಯುವುದಿಲ್ಲ, ಮಕ್ಕಳಿರುವ ಮನೆಗೆ ಒಳ್ಳೆಯದು. ಆದರೆ ವರ್ಷಗಳು ಕಳೆದಂತೆ ಮೈ ಅಂಟಂಟಾಗಿ ಧೂಳು ಹಿಡಿಯುತ್ತದೆ. ಸುಟ್ಟ ಮಣ್ಣಿನದು ತೇವಕ್ಕೆ ಹೆದರುವುದಿಲ್ಲ, ಬಿದ್ದರೆ ಉಳಿಯುವುದೂ ಇಲ್ಲ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗೊಂಬೆಗಳು ಉರುಟು ಉರುಟಾಗಿ ಬೇರೆಯದೇ ಶೈಲಿಯವು. ಬೆರೆಸಬೇಡಿ, ಬೇಕಾದರೆ ಇಡೀ ಊರನ್ನೇ ಅವುಗಳಿಂದ ಮಾಡಿ. ಆಂಧ್ರದ ಕೊಂಡಪಲ್ಲಿಯ ಹಗುರ ಮರದ ಗೊಂಬೆಗಳಲ್ಲಿ ಹಳ್ಳಿಯ ಕಸುಬಿನವರ ಸೆಟ್ಟುಗಳೇ ಸಿಗುತ್ತವೆ, ಅವು ಗೋದಲಿಯ ಸುತ್ತ ಬಹಳ ಚೆನ್ನಾಗಿ ಹೊಂದುತ್ತವೆ.

ಹಂತ 3: ಎಲ್ಲಿ ಹುಡುಕಬೇಕು

ಮಂಗಳೂರಿನಲ್ಲಿ ಹಂಪನಕಟ್ಟೆಯ ಸುತ್ತಮುತ್ತ, ಇಗರ್ಜಿಗಳ ಹತ್ತಿರ ಜಪಮಾಲೆ, ಪ್ರತಿಮೆ ಮಾರುವ ಅಂಗಡಿಗಳಲ್ಲಿ ನವೆಂಬರ್ ಕೊನೆಗೆ ಗೋದಲಿ ಸೆಟ್ಟುಗಳು ಬರುತ್ತವೆ. ಒಂದೊಂದೇ ಗೊಂಬೆ ಕೊಡುತ್ತೀರಾ ಎಂದು ಕೇಳಿ. ಸೆಟ್ಟು ಒಡೆದು ಉಳಿದ ಕುರಿ, ಕುರುಬರು ಕೆಲವೊಮ್ಮೆ ಒಳಗಿನ ಪೆಟ್ಟಿಗೆಯಲ್ಲಿರುತ್ತಾರೆ. ದಸರಾ ಹೊತ್ತಿಗೆ ಬರುವ ಗೊಂಬೆಗಳಲ್ಲಿ ಬಾವಿಕಟ್ಟೆ, ಎತ್ತಿನ ಗಾಡಿ, ತರಕಾರಿ ಮಾರುವವಳು ಸಿಗುತ್ತಾರೆ. ಉಡುಪಿಯ ರಥಬೀದಿಯಲ್ಲಿ ಹಬ್ಬದ ದಿನಗಳಲ್ಲಿ, ಜನವರಿಯ ಅತ್ತೂರು ಜಾತ್ರೆಯ ಸಾಲು ಅಂಗಡಿಗಳಲ್ಲಿ ಕಣ್ಣು ಹಾಯಿಸುತ್ತಿರಿ. ಮುಂದಿನ ವರ್ಷದ ಗ್ರಾಮಕ್ಕೆ ಜನವರಿಯಲ್ಲೇ ಕೊಂಡರೆ ತಪ್ಪೇನಿಲ್ಲ.

ಸಾಮಾನ್ಯವಾಗಿ ಯಾರಿಗೂ ಹೊಳೆಯದ ಎರಡು ಜಾಗ ಹೇಳುತ್ತೇನೆ. ಅಕ್ವೇರಿಯಂ ಅಂಗಡಿಯಲ್ಲಿ ನುಣುಪು ಕಲ್ಲು, ಚಿಕ್ಕ ಪಂಪು, ಪುಟ್ಟ ಗಿಡಗಳು ಇರುತ್ತವೆ. ಮಣಿಪಾಲದಂಥ, ಆರ್ಕಿಟೆಕ್ಚರ್ ಕಲಿಯುವವರಿರುವ ಊರಿನ ಸ್ಟೇಷನರಿ ಅಂಗಡಿಯಲ್ಲಿ ಮಾದರಿ ಕಟ್ಟಲು ಬೇಕಾದ ಮರ, ಹುಲ್ಲಿನ ಪುಡಿ, 1:50 ಮತ್ತು 1:100ರ ಬಿಳಿ ಮನುಷ್ಯರ ಪೊಟ್ಟಣ ಕೇಳಿ ನೋಡಿ. ಗುಡ್ಡದ ಮೇಲಿನ ದೂರದ ಜನಕ್ಕೆ ಇವೇ ಸಾಕು, ಬಣ್ಣ ನೀವು ಹಚ್ಚಿದರಾಯಿತು.

ಸಂಗ್ರಹಕ್ಕೆಂದೇ ಕಂಪನಿ ಗೊಂಬೆ ಕೊಳ್ಳುವವರು ಬುಡ ತಿರುಗಿಸಿ ನೋಡಬೇಕು. ಹೆಸರು, ಸರಣಿ, ಸಂಖ್ಯೆ ಅಲ್ಲಿರುತ್ತವೆ. ತಯಾರಿಕೆ ನಿಲ್ಲಿಸಿದ ಗೊಂಬೆಗಳನ್ನು ಸಂಗ್ರಹಕಾರರು ರಿಟೈರ್ಡ್ ಎನ್ನುತ್ತಾರೆ, ಅವುಗಳಿಗೆ ಮೂಲ ಡಬ್ಬಿ ಇದ್ದರೆ ಬೆಲೆ ಹೆಚ್ಚು. ಹಳೆಯ ಗೊಂಬೆ ಕೊಳ್ಳುವಾಗ ಕೊರಳು, ಮೊಣಕೈ, ಕೈಯಲ್ಲಿರುವ ಕೋಲು ಇವನ್ನು ಬೆಳಕಿಗೆ ಹಿಡಿದು ನೋಡಿ. ಅಂಟಿಸಿದ ಗೆರೆ ಅಲ್ಲೇ ಕಾಣುತ್ತದೆ. ಮುಂದೆ ಮಾರಿ ಲಾಭ ಮಾಡುವ ಆಸೆಯಿಂದ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಹಲಗೆಯ ಮೇಲೆ ಅದಕ್ಕೊಂದು ಜಾಗ ಹೊಳೆಯದಿದ್ದರೆ ಕೊಳ್ಳುವುದೇ ಬೇಡ.

ಹಂತ 4: ಹಲಗೆ, ನೆಲ, ಗುಡ್ಡ

ಗೋಡೆಗೆ ಒತ್ತಿ ಇಡುವ ಹಲಗೆಯ ಅಗಲ ಎರಡೂವರೆ ಅಡಿ ಮೀರದಿರಲಿ. ಅದಕ್ಕಿಂತ ಹಿಂದೆ ಬಿದ್ದ ಗೊಂಬೆಯನ್ನು ಎತ್ತಲು ಕೈ ಎಟಕುವುದಿಲ್ಲ, ಎಟಕಿಸಲು ಹೋದರೆ ಮುಂದಿನವರೆಲ್ಲ ಉರುಳುತ್ತಾರೆ. ಉದ್ದ ನಿಮ್ಮ ಜಗಲಿಗೆ ಬಿಟ್ಟದ್ದು. 12 ಮಿ.ಮೀ. ಪ್ಲೈವುಡ್ ಬಾಗುವುದಿಲ್ಲ. ಹಲಗೆಯನ್ನು ಮೇಜಿನ ಮೇಲೆ ಎರಡು ರೀಪುಗಳ ಮೇಲಿಟ್ಟು ಕೆಳಗೆ ಎರಡಿಂಚು ಜಾಗ ಬಿಡಿ, ವಯರುಗಳು ಅಲ್ಲಿ ಹೋಗಲಿ.

ಮೇಲೆ ಥರ್ಮೋಕೋಲ್ ಹಾಳೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಅಂಟಿಸಿ, ಚಾಕುವಿನಿಂದ ಇಳಿಜಾರು ಕೆತ್ತಿ. ಅಂಟು ಫೆವಿಕಾಲ್ ಮಾತ್ರ. ಫೆವಿಕ್ವಿಕ್, ಚಪ್ಪಲಿ ಅಂಟಿಸುವ ರಬ್ಬರ್ ಗಮ್, ಸ್ಪ್ರೇ ಪೇಂಟ್ ಇವು ಥರ್ಮೋಕೋಲನ್ನು ತಿಂದುಹಾಕುತ್ತವೆ. ಕೆತ್ತಿದ ಮೇಲೆ ಹಳೆಯ ಪತ್ರಿಕೆಯ ತುಂಡುಗಳನ್ನು ಫೆವಿಕಾಲ್ ನೀರಿನಲ್ಲಿ ಅದ್ದಿ ಹೊದಿಸಿ. ಒಣಗಿದ ಮೇಲೆ ಫೆವಿಕಾಲ್ ಹಚ್ಚಿ, ಜರಡಿ ಹಿಡಿದ ಕೆಂಪು ಮಣ್ಣು ಉದುರಿಸಿ. ನಮ್ಮ ಕೆಂಪು ಮಣ್ಣಿಗಿಂತ ಒಳ್ಳೆಯ ಬಣ್ಣ ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ. ಮುರಕಲ್ಲಿನ (ಜಂಬಿಟ್ಟಿಗೆಯ) ಚೂರುಗಳು ಈ ಅಳತೆಯಲ್ಲಿ ಬಂಡೆಗಳಾಗಿ, ತುಸು ಉಜ್ಜಿ ಚೌಕ ಮಾಡಿದರೆ ಪಾಗಾರದ ಕಲ್ಲುಗಳಾಗಿ ಒದಗುತ್ತವೆ.

ಪಾಚಿಯ ವಿಷಯ. ಮಳೆಗಾಲದಲ್ಲಿ ಕಾಂಪೌಂಡ್ ಗೋಡೆಯ ಮೇಲೆ ದಟ್ಟವಾಗಿ ಬೆಳೆದ ಪಾಚಿ ಡಿಸೆಂಬರ್‌ಗೆ ಕಂದು ಬಣ್ಣಕ್ಕೆ ತಿರುಗಿ ಸತ್ತಂತೆ ಕಾಣುತ್ತದೆ. ಅದು ಸತ್ತಿರುವುದಿಲ್ಲ. ನಿಮ್ಮದೇ ಗೋಡೆಯಿಂದ ಬೇಕಾದಷ್ಟನ್ನೇ ಪದರವಾಗಿ ಎಬ್ಬಿಸಿ, ಮಣ್ಣು ಕೊಡವಿ, ಜೋಡಿಸಿದ ಮೇಲೆ ನೀರು ಚಿಮುಕಿಸಿದರೆ ನೋಡುತ್ತಿದ್ದಂತೆ ಮತ್ತೆ ಹಸಿರಾಗುತ್ತದೆ. ಎರಡು ದಿನಕ್ಕೊಮ್ಮೆ ಸ್ಪ್ರೇ ಬಾಟಲಿಯಿಂದ ತೋಯಿಸಿ, ವಯರಿನ ಜಾಗ ಬಿಟ್ಟು. ಗದ್ದೆ ಬೇಕಿದ್ದರೆ ಡಿಸೆಂಬರ್ 12ರ ಹೊತ್ತಿಗೆ ತಟ್ಟೆಗಳಲ್ಲಿ ಗೋಧಿ ಅಥವಾ ರಾಗಿ ಬಿತ್ತಿ. ಗೋಧಿ ಬೇಗ ಏಳುತ್ತದೆ, ರಾಗಿ ನಯವಾಗಿ ಕಾಣುತ್ತದೆ. ಚಿಕ್ಕ ಅಳತೆಯ ಜನರಿಗೆ ರಾಗಿಯ ಪೈರೇ ಸರಿ. ಗೋಧಿ ಅವರ ತಲೆ ಮೀರಿ ಬೆಳೆದುಬಿಡುತ್ತದೆ, ಕತ್ತರಿಯಿಂದ ಸವರುತ್ತಿರಬೇಕು.

ಹಂತ 5: ಗೊಂಬೆಗಳನ್ನು ನಮ್ಮವರನ್ನಾಗಿಸುವುದು

ಹೊರಗಿನಿಂದ ಬಂದ ಗೊಂಬೆಗಳು ಉಣ್ಣೆಯ ಕೋಟು, ಮಫ್ಲರ್ ತೊಟ್ಟಿರುತ್ತವೆ. ಅವನ್ನೆಲ್ಲ ಬದಲಿಸಬೇಕೆಂದಿಲ್ಲ. ಬೆಲೆಬಾಳುವ, ರಿಟೈರ್ಡ್ ಆದ ಗೊಂಬೆಗಂತೂ ಕುಂಚ ಮುಟ್ಟಿಸಲೇಬಾರದು. ಸಾಧಾರಣ ರೆಸಿನ್ ಗೊಂಬೆಗಳನ್ನು, ಅದರಲ್ಲೂ ಉದ್ದ ಅಂಗಿಯ ಕುರುಬರನ್ನು ಮತ್ತು ನಿಂತ ಹೆಂಗಸರನ್ನು, ಆರಿಸಿಕೊಳ್ಳಿ.

ಬೆಚ್ಚಗಿನ ಸೋಪು ನೀರಿನಲ್ಲಿ ತೊಳೆದು ಒಂದು ದಿನ ಒಣಗಿಸಿ. ಬೂದು ಪ್ರೈಮರ್ ತೆಳುವಾಗಿ ಒಂದು ಕೈ. ಮೈಬಣ್ಣಕ್ಕೆ ಬರ್ನ್ಟ್ ಸಿಯೆನ್ನಾ (ಕೆಂಗಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಒಂದು ತೊಟ್ಟು ಬಿಳಿ. ಎಲ್ಲರಿಗೂ ಒಂದೇ ಮಿಶ್ರಣ ಬೇಡ, ಊರಿನಲ್ಲಿ ಎಲ್ಲರ ಬಣ್ಣ ಒಂದೇ ಇರುವುದಿಲ್ಲ. ಬಟ್ಟೆಗೆ ಅಕ್ರಿಲಿಕ್ ಬಣ್ಣ ಎರಡು ತೆಳು ಕೈ. ಎಲ್ಲ ಒಣಗಿದ ಮೇಲೆ ಕಂದು ಬಣ್ಣವನ್ನು ಚಹಾದಷ್ಟು ನೀರಾಗಿಸಿ ಇಡೀ ಗೊಂಬೆಗೆ ಹಚ್ಚಿ, ಕೂಡಲೇ ಬಟ್ಟೆಯಿಂದ ಒರೆಸಿ. ಮಡಿಕೆಗಳಲ್ಲಿ ಉಳಿದ ಕಂದು ನೆರಳಾಗುತ್ತದೆ, ಮುಖಕ್ಕೆ ಕಳೆ ಬರುತ್ತದೆ. ಕೊನೆಗೆ ಮ್ಯಾಟ್ ವಾರ್ನಿಷ್. ಹೊಳೆಯುವ ವಾರ್ನಿಷ್ ಹಚ್ಚಿದರೆ ಗೊಂಬೆ ಎಷ್ಟು ಚಿಕ್ಕದೆಂದು ಕೂಡಲೇ ಗೊತ್ತಾಗುತ್ತದೆ.

ಸೀರೆ ಉಡಿಸಲು ತೆಳುವಾದ ಟಿಶ್ಯೂ ಪೇಪರ್ ಸಾಕು. ಎರಡು ಪದರವಿದ್ದರೆ ಬಿಡಿಸಿ ಒಂದೇ ಪದರ ತೆಗೆದುಕೊಳ್ಳಿ. ಸಮ ಪ್ರಮಾಣದ ಫೆವಿಕಾಲ್ ಮತ್ತು ನೀರಿನಲ್ಲಿ ಅದ್ದಿ, ಸೊಂಟದಿಂದ ಶುರುಮಾಡಿ ಚಿಮಟಿಗೆಯಿಂದ ನೆರಿಗೆ ಕೂರಿಸಿ, ಸೆರಗನ್ನು ಎಡ ಹೆಗಲ ಮೇಲೆ ಹಾಯಿಸಿ. ಒದ್ದೆ ಇರುವಾಗಲೇ ಸೂಜಿಯ ಮೊನೆಯಿಂದ ಮಡಿಕೆ ತಿದ್ದಬೇಕು. ಒಣಗಿದರೆ ಗಟ್ಟಿ. ಮೀನು ಮಾರುವವಳಾದರೆ ಸೀರೆಯನ್ನು ತುಸು ಮೇಲೆ ಕಟ್ಟಿ, ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟು ಅದರ ಮೇಲೆ ಬುಟ್ಟಿ ಕೂರಿಸಿ. ಸಿಂಬಿ ಇಲ್ಲದ ಬುಟ್ಟಿ ಸುಳ್ಳೆಂದು ನಮ್ಮೂರ ಕಣ್ಣಿಗೆ ಥಟ್ಟನೆ ಕಾಣುತ್ತದೆ.

ಹಂತ 6: ಕೈಯಾರೆ ಮಾಡಬೇಕಾದ ಪರಿಕರಗಳು

ಅಕ್ಕಿ ಮುಡಿಯನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಹತ್ತಿಯನ್ನು ಬಿಗಿಯಾಗಿ ಉಂಡೆ ಮಾಡಿ ದಾರ ಸುತ್ತಿ. 7 ಸೆಂ.ಮೀ. ಗೊಂಬೆಗೆ ಅಡ್ಡಳತೆ ಎರಡು ಸೆಂಟಿಮೀಟರ್ ಸಾಕು. ಬೈಹುಲ್ಲನ್ನು ಹತ್ತು ನಿಮಿಷ ನೀರಿನಲ್ಲಿ ನೆನೆಸಿ, ಉಗುರಿನಿಂದ ಉದ್ದಕ್ಕೆ ಸೀಳಿ ನವಿರಾದ ಎಳೆಗಳನ್ನು ಮಾಡಿಕೊಳ್ಳಿ. ಉಂಡೆಯ ತಳದಲ್ಲಿ ಎಳೆಗಳನ್ನು ನಕ್ಷತ್ರದ ಹಾಗೆ ಹರಡಿ, ಸುತ್ತಲೂ ಮೇಲಕ್ಕೆಳೆದು ನೆತ್ತಿಯಲ್ಲಿ ಕಟ್ಟಿ. ಮೇಲಿಂದ ಕಂದು ದಾರವನ್ನು ಅಡ್ಡ ಉದ್ದ ಹೆಣೆದು ಬಿಗಿಯಿರಿ. ನೆತ್ತಿಯ ಜುಟ್ಟನ್ನು ಕತ್ತರಿಸಿ ಸಮ ಮಾಡಿ. ಇಂಥ ಮೂರು ಮುಡಿಗಳನ್ನು ಜಗಲಿಯ ಮೂಲೆಯಲ್ಲಿ ಇಟ್ಟರೆ ಆ ಮನೆ ಯಾರದ್ದು, ಯಾವ ಕಾಲದ್ದು ಎಂದು ಮನೆಯ ಹಿರಿಯರು ತಾವಾಗಿಯೇ ಹೇಳಲು ತೊಡಗುತ್ತಾರೆ.

ಹಂಚಿನ ಮಾಡು ಇನ್ನೊಂದು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಮಂಗಳೂರು ಹಂಚು ನಮ್ಮ ಕೆಂಪು ಆಕಾಶರೇಖೆಯನ್ನೇ ಬರೆದಿದೆ, ಅದಿಲ್ಲದ ಊರು ನಮ್ಮದಾಗದು. ನಿಜವಾದ ಹಂಚು ಸುಮಾರು 41 ಸೆಂ.ಮೀ. ಉದ್ದ, 24 ಸೆಂ.ಮೀ. ಅಗಲ. 1:24ರಲ್ಲಿ ಅದು 17 ಮಿ.ಮೀ. ಮತ್ತು 10 ಮಿ.ಮೀ. ಆಗುತ್ತದೆ. ಒಂದೊಂದೇ ಕತ್ತರಿಸುವ ಅಗತ್ಯವಿಲ್ಲ. ರಟ್ಟಿನ ಪೆಟ್ಟಿಗೆಯ ಮೇಲಿನ ಕಾಗದವನ್ನು ಒದ್ದೆ ಮಾಡಿ ಸುಲಿದರೆ ಒಳಗಿನ ಅಲೆಅಲೆಯ ಪದರ ಸಿಗುತ್ತದೆ. ಅದನ್ನು 17 ಮಿ.ಮೀ. ಪಟ್ಟಿಗಳಾಗಿ ಕತ್ತರಿಸಿ, ಅಂಚಿನಿಂದ ಶುರುಮಾಡಿ ಮೇಲಕ್ಕೆ ಒಂದರ ಮೇಲೊಂದು ತುಸು ಹಾಯುವಂತೆ ಅಂಟಿಸಿ. ಕೆಳಗಿನಿಂದ ಮೇಲಕ್ಕೇ ಹೋಗಬೇಕು, ನೀರು ಇಳಿಯುವ ಮಾಡು ಹಾಗೆಯೇ ಇರುವುದು. ಇಟ್ಟಿಗೆ ಕೆಂಪು ಬಳಿದು, ಸ್ಪಂಜಿನಿಂದ ಅಲ್ಲಲ್ಲಿ ಕಪ್ಪು ಒತ್ತಿ. ನಾಲ್ಕು ಮಳೆಗಾಲ ಕಂಡ ಹಂಚು ಹಾಗೆಯೇ ಕಪ್ಪಿಟ್ಟಿರುತ್ತದೆ.

ಉಳಿದವು ಬೇಗ ಆಗುತ್ತವೆ. ಹಿಡಿಸೂಡಿಯ ಕಡ್ಡಿಯಿಂದ ಬೇಲಿ, ಏಣಿ, ಚಪ್ಪರ. ಸೊಳ್ಳೆಪರದೆಯ ತುಂಡನ್ನು ಚಹಾ ನೀರಿನಲ್ಲಿ ನೆನೆಸಿ ಒಣಗಿಸಿದರೆ ಮೀನಿನ ಬಲೆ. ಅಡಿಕೆ ಹಾಳೆಯಿಂದ ದೋಣಿಯ ಮೈ. ಮರಗಳಲ್ಲಿ ಮಾತ್ರ ಅಳತೆಯ ಹಟ ಬಿಡಬೇಕು. 20 ಮೀಟರಿನ ತೆಂಗಿನಮರ 1:24ರಲ್ಲಿ 80 ಸೆಂ.ಮೀ. ಮೀರುತ್ತದೆ, ಅದರ ಅರ್ಧ ಸಾಕು. ಪ್ರತಿ ಮನೆಯ ಮುಂದೆ ಬಣ್ಣದ ಕಾಗದದ ಒಂದು ಪುಟ್ಟ ನಕ್ಷತ್ರ ತೂಗಲಿ.

ಹಿಮ ಬೇಕೇ?

ತೆಂಗಿನಮರದ ಬುಡದಲ್ಲಿ ಹಿಮ ನನಗೆ ಒಪ್ಪುವುದಿಲ್ಲ. ಆದರೆ ಹಿಮ ಹೊತ್ತ ಮಾಡಿನ ಮನೆಗಳು ನಿಮ್ಮಲ್ಲಿದ್ದರೆ, ಯಾರೋ ಪ್ರೀತಿಯಿಂದ ತಂದುಕೊಟ್ಟದ್ದಾದರೆ, ಅವಕ್ಕೂ ಜಾಗ ಕೊಡಬೇಕು. ಹಲಗೆಯ ಒಂದು ತುದಿಯಲ್ಲಿ ಎತ್ತರದ ಗುಡ್ಡ ಮಾಡಿ, ಹಿಮದ ಹಳ್ಳಿಯನ್ನು ಅದರಾಚೆ ಕೂರಿಸಿ, ನಡುವೆ ಒಂದು ತೊರೆ ಹರಿಯಲಿ. ಎರಡೂ ಕಡೆಯ ಜನ ಗೋದಲಿಯತ್ತಲೇ ಬರುತ್ತಿದ್ದರೆ ಎರಡು ಲೋಕ ಒಂದೇ ಹಲಗೆಯಲ್ಲಿ ಹೊಂದಿಕೊಳ್ಳುತ್ತವೆ.

ಹಿಮಕ್ಕೆ ಅಡುಗೆ ಉಪ್ಪು ಬಳಸಬೇಡಿ. ನಮ್ಮ ಗಾಳಿಯಲ್ಲಿ ಅದು ನೀರೊಡೆದು ಗೊಂಬೆಯ ಬುಡದ ಬಣ್ಣವನ್ನೂ ವಯರಿನ ತಾಮ್ರವನ್ನೂ ಹಾಳುಮಾಡುತ್ತದೆ. ಹತ್ತಿ ಬೇಗ ಬೆಂಕಿ ಹಿಡಿಯುತ್ತದೆ. ದಿಂಬಿಗೆ ತುಂಬುವ ಫೈಬರನ್ನು ತೆಳುವಾಗಿ ಎಳೆದು ಹಾಸಿ, ಮೇಲೆ ಚಿಟಿಕೆಯಷ್ಟು ಅಡುಗೆ ಸೋಡಾ ಉದುರಿಸಿದರೆ ಸಾಕು.

ಹಂತ 7: ದೀಪ

ಅಮೆರಿಕದಿಂದ ಬಂದ ಹಳೆಯ ಪಿಂಗಾಣಿ ಮನೆಗಳು 120 ವೋಲ್ಟಿನವು. ಪ್ಲಗ್ ಬದಲಿಸಿ ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ಬಲ್ಬು ಕೂಡಲೇ ಸುಟ್ಟುಹೋಗುತ್ತದೆ, ಒಡೆಯಲೂಬಹುದು. ಬುಡದ ಲೇಬಲ್ ಓದದೆ ಯಾವ ಮನೆಯನ್ನೂ ಕರೆಂಟಿಗೆ ಹಾಕಬೇಡಿ. ಸುಲಭದ ದಾರಿ ಎಂದರೆ ಆ ವಯರು, ಬಲ್ಬನ್ನು ಹೊರತೆಗೆದು ಡಬ್ಬಿಯಲ್ಲಿಟ್ಟು, ಹಿಂದಿನ ತೂತಿನಿಂದ 5 ವೋಲ್ಟಿನ ಯುಎಸ್‌ಬಿ ಎಲ್‌ಇಡಿ ಸರವನ್ನು ಒಳಗೆ ಬಿಡುವುದು. ಬಿಸಿಯಾಗುವುದಿಲ್ಲ, ಹುಲ್ಲಿನ ಹತ್ತಿರವೂ ಭಯವಿಲ್ಲ. ಬೀದಿದೀಪ, ತಿರುಗುವ ಚಕ್ರ ಇಂಥ ಪರಿಕರಗಳಲ್ಲಿ ಹಲವು 4.5 ವೋಲ್ಟಿನವು. ಅಡಾಪ್ಟರ್ ಕೊಳ್ಳುವಾಗ ವೋಲ್ಟನ್ನೂ ಪಿನ್ನಿನ ದಪ್ಪವನ್ನೂ ಹೊಂದಿಸಿ ನೋಡಬೇಕು.

ಬಣ್ಣ ವಾರ್ಮ್ ವೈಟ್ ಇರಲಿ, ಡಬ್ಬಿಯ ಮೇಲೆ 2700 ಅಥವಾ 3000 ಕೆ ಎಂದಿರುತ್ತದೆ. ಎಲ್ಲ ಮನೆಗಳೂ ಒಂದೇ ಸಮನೆ ಬೆಳಗಿದರೆ ಕಣ್ಣಿಗೆ ನೆಲೆ ಸಿಗುವುದಿಲ್ಲ. ಗೋದಲಿಯ ಒಳಗೆ ಹೆಚ್ಚು ಬೆಳಕು, ಮನೆಗಳಲ್ಲಿ ಮಂದ, ಗುಡ್ಡದ ಮೇಲೆ ಕತ್ತಲೆ. ಮನೆಯೊಳಗಿನ ಬೆಳಕು ತೀಕ್ಷ್ಣವೆನಿಸಿದರೆ ಕಿಟಕಿಗೆ ಒಳಗಿನಿಂದ ಬಟರ್ ಪೇಪರ್ ಅಂಟಿಸಿ. ಮೇಣದಬತ್ತಿಯನ್ನು ಗೋದಲಿಯ ಹತ್ತಿರ ಹಚ್ಚಬೇಡಿ. ಮಲಗುವ ಮುನ್ನ ಗೋಡೆಯ ಸ್ವಿಚ್ಚನ್ನೇ ಆರಿಸಿ.

ಹಂತ 8: ಜನರನ್ನು ನಿಲ್ಲಿಸುವುದು

ಈ ಕೆಲಸಕ್ಕೆ ಒಂದು ಇಡೀ ಸಂಜೆ ಇಟ್ಟುಕೊಳ್ಳಿ. ಪ್ರತಿ ಗೊಂಬೆಯನ್ನು ಕೈಗೆತ್ತಿಕೊಂಡು ಇವನು ಇಲ್ಲಿಗೆ ಏಕೆ ಬಂದ, ಎಲ್ಲಿಗೆ ಹೊರಟಿದ್ದಾನೆ, ಯಾರನ್ನು ನೋಡುತ್ತಿದ್ದಾನೆ ಎಂದು ಕೇಳಿಕೊಳ್ಳಿ. ಉತ್ತರ ಹೊಳೆಯುವ ತನಕ ಅವನನ್ನು ಪೆಟ್ಟಿಗೆಯಲ್ಲೇ ಬಿಡಿ.

ಗೊಂಬೆಗಳೆಲ್ಲ ನೋಡುಗನ ಕಡೆ ಮುಖ ಮಾಡಿ ನಿಂತರೆ ಫೋಟೋಗೆ ನಿಂತಂತಾಗುತ್ತದೆ. ತಿರುಗಿಸಿ. ಬಾವಿಕಟ್ಟೆಯ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ನೋಡಲಿ, ಮೂರನೆಯವಳು ಕೊಡ ಸೊಂಟಕ್ಕಿಟ್ಟು ಎರಡು ಹೆಜ್ಜೆ ಮುಂದೆ ಹೋಗಿರಲಿ. ಬ್ಯಾಂಡಿನವರನ್ನು ಸಾಲಾಗಿ ನಿಲ್ಲಿಸದೆ ತುಸು ವಕ್ರವಾಗಿ ನಡೆಸಿ, ಹಿಂದೆ ಓಡಿಬರುವ ಹುಡುಗನೊಬ್ಬನಿರಲಿ. ಮೂವರು, ಐವರು ಎಂದು ಬೆಸ ಸಂಖ್ಯೆಯ ಗುಂಪುಗಳು ಸಹಜವಾಗಿ ಕಾಣುತ್ತವೆ. ಒಬ್ಬಂಟಿ ಗೊಂಬೆಗೆ ಒಂದು ಆಸರೆ ಕೊಡಿ, ಕಟ್ಟೆಯೋ ಮರವೋ ನಾಯಿಯೋ. ಖಾಲಿ ಜಾಗ ಬಿಡುವುದನ್ನೂ ಕಲಿಯಬೇಕು. ಇಗರ್ಜಿಯ ಮುಂದಿನ ಅಂಗಳ ಖಾಲಿ ಇದ್ದರೇ ಅದು ಅಂಗಳ.

ಹಾದಿಯನ್ನು ನೇರ ಮಾಡಬೇಡಿ. ಮುಂದಿನ ಮೂಲೆಯಿಂದ ಶುರುವಾಗಿ, ಗದ್ದೆಯ ಹುಣಿಯ ಮೇಲೆ ಬಳಸಿ, ಮನೆಗಳ ನಡುವೆ ಮರೆಯಾಗಿ ಮತ್ತೆ ಗೋದಲಿಯ ಬಳಿ ಕಾಣಿಸಲಿ. ಆ ಹಾದಿಯ ಮೇಲಿರುವವರೆಲ್ಲ ಏನಾದರೊಂದು ಹೊತ್ತಿರಲಿ: ಎಳನೀರು, ಮೀನು, ಮುಡಿ, ಕುಸ್ವಾರಿನ (ಕ್ರಿಸ್ಮಸ್ ತಿಂಡಿಗಳ) ತಟ್ಟೆ. ಹಲಗೆಯ ಕೊನೆಯಲ್ಲಿ ತನ್ನ ಪಾಡಿಗೆ ಬಲೆ ಹೆಣೆಯುವ ಒಬ್ಬನಿದ್ದರೂ ಒಳ್ಳೆಯದೇ, ಅವನಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಇಳಿಜಾರಿನಲ್ಲಿ ನಿಲ್ಲದ ಗೊಂಬೆಯ ಬುಡಕ್ಕೆ ಬಟಾಣಿ ಗಾತ್ರದ ಜೇನುಮೇಣ ಒತ್ತಿ ಕೂರಿಸಿ. ಕೊನೆಗೆ ತುಸು ತಿರುಚಿದರೆ ಬಿಟ್ಟುಕೊಳ್ಳುತ್ತದೆ, ಬಣ್ಣ ಕೀಳುವುದಿಲ್ಲ. ಫೆವಿಕ್ವಿಕ್ ಇಲ್ಲಿ ಬೇಡ. ತೇವದ ಹವೆಯಲ್ಲಿ ಅದು ಸುತ್ತಲೂ ಬಿಳಿ ಬೂಷ್ಟಿನಂಥ ಕಲೆ ಬಿಡುತ್ತದೆ.

ಡಿಸೆಂಬರ್ 24ರಿಂದ ಮೂರು ರಾಯರ ಹಬ್ಬದ ತನಕ

ಆಗಮನ ಕಾಲದಲ್ಲಿ, ಅಂದರೆ ಕ್ರಿಸ್ಮಸ್‌ಗೆ ಮುಂಚಿನ ವಾರಗಳಲ್ಲಿ, ಊರು ಎದ್ದಿರಲಿ, ಗೋದಲಿಯ ತೊಟ್ಟಿಲು ಖಾಲಿ ಇರಲಿ. ಬಾಲಯೇಸುವನ್ನು 24ರ ರಾತ್ರಿ ಮನೆಯ ಅತಿ ಕಿರಿಯರ ಕೈಯಿಂದ ಇಡಿಸಿ. ಬಾಲಯೇಸುವಿಗೆ ಕಾಣಿಕೆ ತಂದ ಮೂವರು ರಾಯರನ್ನು ಒಂಟೆಗಳ ಸಮೇತ ಹಲಗೆಯ ಅತಿ ದೂರದ ತುದಿಯಲ್ಲಿ ನಿಲ್ಲಿಸಿ, ದಿನಕ್ಕೆ ಒಂದಷ್ಟು ಮುಂದೆ ಸರಿಸುತ್ತ ಬನ್ನಿ, ಜನವರಿ 6ಕ್ಕೆ ಗೋದಲಿ ಮುಟ್ಟಲಿ. ಮನೆಯ ಮಕ್ಕಳು ಬೆಳಿಗ್ಗೆ ಎದ್ದು ಮೊದಲು ನೋಡುವುದು ರಾಯರು ಎಲ್ಲಿಗೆ ಬಂದರು ಎಂಬುದನ್ನೇ. ಅವರು ಹಾದುಹೋಗುವ ಜಾಗದಲ್ಲಿ ಊರಿನವರ ಮುಖವನ್ನು ರಾಯರ ಕಡೆ ತಿರುಗಿಸಲು ಮರೆಯಬೇಡಿ.

ಹಂತ 9: ತೆಗೆದಿಡುವುದು

ಬಿಚ್ಚುವ ಮೊದಲು ಮೊಬೈಲಿನಲ್ಲಿ ಎದುರಿನಿಂದ, ಎರಡು ಬದಿಯಿಂದ, ಮೇಲಿನಿಂದ ಫೋಟೋ ತೆಗೆಯಿರಿ. ಮೆತ್ತನೆಯ ಬಣ್ಣದ ಕುಂಚದಿಂದ ಧೂಳು ಕೊಡವಿ, ಒದ್ದೆ ಬಟ್ಟೆಯಿಂದ ಒರೆಸಿದ್ದನ್ನು ನೆರಳಲ್ಲಿ ಪೂರ್ತಿ ಒಣಗಿಸಿ. ಬ್ಯಾಟರಿ ಒಂದೂ ಒಳಗೆ ಉಳಿಯಬಾರದು. ಸೋರಿದರೆ ಸ್ಪ್ರಿಂಗು ತುಕ್ಕು ಹಿಡಿದು ಪರಿಕರವೇ ಹೋಗುತ್ತದೆ.

ಸುತ್ತಲು ಬಟರ್ ಪೇಪರ್ ಅಥವಾ ಹಳೆಯ ಹತ್ತಿ ಪಂಚೆಯ ತುಂಡು. ಪತ್ರಿಕೆಯ ಶಾಯಿ ಬಿಳಿ ಪಿಂಗಾಣಿಗೆ ಅಂಟುತ್ತದೆ. ಗುಳ್ಳೆ ಪ್ಲಾಸ್ಟಿಕ್ಕನ್ನು ನೇರವಾಗಿ ಸುತ್ತಿದರೆ ಏಪ್ರಿಲ್ ಮೇ ಸೆಕೆಗೆ ಬಣ್ಣದ ಮೇಲೆ ಗುಳ್ಳೆಗಳ ಗುರುತು ಮೂಡುತ್ತದೆ. ನುಸಿಗುಳಿಗೆ ಹಾಕಬೇಡಿ, ಅದರ ಆವಿ ಥರ್ಮೋಕೋಲನ್ನೂ ಕೆಲವು ಪ್ಲಾಸ್ಟಿಕ್ಕುಗಳನ್ನೂ ಮೆತ್ತಗಾಗಿಸುತ್ತದೆ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ನೀಲಿ ಹರಳು ಗುಲಾಬಿಯಾದರೆ, ಕಿತ್ತಳೆಯದು ಹಸಿರಾದರೆ ಬದಲಿಸುವ ಹೊತ್ತು ಬಂದಿದೆ. ಡಬ್ಬಿಗಳನ್ನು ಹಂಚಿನ ಕೆಳಗಿನ ಅಟ್ಟಕ್ಕಿಂತ ಕೋಣೆಯೊಳಗಿನ ಕಪಾಟಿನಲ್ಲಿ, ನೆಲ ಮತ್ತು ಹೊರಗೋಡೆಯಿಂದ ದೂರ ಇಡಿ, ಗೆದ್ದಲಿನ ಕಾಟ ಕಡಿಮೆ. ಬೈಹುಲ್ಲು, ಪಾಚಿ, ಪೈರು ಒಂದನ್ನೂ ಉಳಿಸಬೇಡಿ, ಗಿಡಗಳ ಬುಡಕ್ಕೆ ಹಾಕಿ. ಅಕ್ಕಿ ಮುಡಿಗಳನ್ನು ಬೇರೆ ಡಬ್ಬಿಯಲ್ಲಿ, ಇನ್ನೊಂದು ಪೊಟ್ಟಣ ಸಿಲಿಕಾ ಜೆಲ್ ಜೊತೆ.

ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯ ನಡುವೆ ಬಿಸಿಲು ಬಿದ್ದ ಒಂದು ದಿನ ಡಬ್ಬಿ ತೆರೆದು ಹರಳಿನ ಬಣ್ಣ ನೋಡಿ. ಸೆಪ್ಟೆಂಬರ್ 8ರ ತೆನೆಹಬ್ಬ ಮುಗಿದ ಮೇಲೆ ಗೊಂಬೆಗಳನ್ನು ಹೊರತೆಗೆದು, ಮುರಿದ ಬೆರಳು, ಎದ್ದ ಬಣ್ಣ ಸರಿಮಾಡಲು ಶುರು ಮಾಡಿ. ಹೊಸ ಬೈಹುಲ್ಲು ಬರುವಷ್ಟರಲ್ಲಿ ಊರಿಗೆ ಈ ವರ್ಷ ಯಾರು ಹೊಸಬರು ಬರಬೇಕೆಂದು ಗೊತ್ತಾಗಿರಲಿ, ಅವರ ಎತ್ತರವನ್ನು ಡಬ್ಬಿಯ ಮುಚ್ಚಳದ ಮೇಲೆ ಸೆಂಟಿಮೀಟರಿನಲ್ಲಿ ಬರೆದಿಡಿ.